ಕರ್ನಾಟಕದಲ್ಲಿ ಹಿಂದೆ ಯಹೂದಿಗಳು ಯಾರಾದರೂ ನೆಲೆಸಿದ್ದರಾ?

ನೆಲೆಸಿದ್ದರು. ಯಹೂದಿಗಳು ಅಂದ ಕೂಡಲೇ ನಮ್ಮಲ್ಲಿ ಜಾಸ್ತಿ ಜನರಿಗೆ ಕೊಚ್ಚಿ ನೆನಪಾಗುತ್ತದೆ, ಅಲ್ವಾ? ಆದರೆ 12ನೇ ಶತಮಾನದ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಹೆಚ್ಚುಕಡಿಮೆ 17 ವರ್ಷ ಬದುಕಿದ್ದ. ಅವನ ಊರು ಈಗಿನ ಟ್ಯುನೀಷಿಯಾದ ಮಹ್ದಿಯಾ. ಯೆಮೆನ್‌ನ ಬಂದರು ಏಡನ್ ದಾಟಿ 1132ರ ಹೊತ್ತಿಗೆ ಇಲ್ಲಿಗೆ ಬಂದ.

ಕರಿಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣವನ್ನು ಹಡಗಿನಲ್ಲಿ ಏಡನ್‌ಗೆ ಕಳಿಸುತ್ತಿದ್ದ. ಅವನಿಗೆ ಲೋಹದ ಪಾತ್ರೆ ಮಾಡಿಸುವ ಕಾರ್ಖಾನೆಯೂ ಇತ್ತು. ಏಡನ್‌ನವರು ಒಡೆದ ಹಳೇ ಪಾತ್ರೆ, ತಾಮ್ರ ಕಳಿಸಿ, ಹೊಸದನ್ನು ಹೀಗೀಗೆ ಮಾಡಿಸು ಎಂದು ಬರೆಯುತ್ತಿದ್ದರು. ಜೊತೆಗೆ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಕೂಡ ಅಲ್ಲಿಂದ ಬರುತ್ತಿತ್ತು.

1132ರಲ್ಲೇ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ. ಆ ಬಿಡುಗಡೆ ಪತ್ರ ಇವತ್ತಿಗೂ ಉಳಿದಿದೆ. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ಹೇಳುತ್ತಾರೆ. ಬೊಮ್ಮ ಎಂಬ ಆಳು ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ನೋಡಿಕೊಂಡು ಬರುತ್ತಿದ್ದ. ಇಂಥ ಸಾಮಾನ್ಯರ ಹೆಸರು ಶಾಸನಗಳಲ್ಲಿ ಅಪರೂಪ. ನನಗೆ ಈ ಪತ್ರಗಳು ಅಮೂಲ್ಯ ಅನ್ನಿಸುವುದು ಅದಕ್ಕೇ.

ಇದೆಲ್ಲ ತಿಳಿದದ್ದು ಹೇಗೆ? ದೇವರ ಹೆಸರಿರುವ ಬರಹವನ್ನು ಯಹೂದಿಗಳು ಸುಮ್ನೆ ಎಸೆಯುವುದಿಲ್ಲ. ಹಳೇ ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರ) ಅಂಥ ಬರಹ ಇಡಲೆಂದೇ ಗೆನಿಜಾ ಎಂಬ ಕೋಣೆ ಇತ್ತು. ಲೆಕ್ಕಪತ್ರ, ಓಲೆಗಳೂ ಅಲ್ಲಿ ಸೇರುತ್ತಿದ್ದವು. ಬೆನ್ ಯಿಜು ಮುಂದೆ ಈಜಿಪ್ಟಿಗೆ ಹೋದ, ಅವನ ಕಾಗದಗಳೂ ಅಲ್ಲಿ ಉಳಿದವು. ಭಾಷೆ ಅರಬಿ, ಲಿಪಿ ಹೀಬ್ರೂ. 19ನೇ ಶತಮಾನದ ಕೊನೆಯಲ್ಲಿ ಗೆನಿಜಾದ ದೊಡ್ಡ ಭಾಗ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಸೇರಿತು.