ಪ್ಯಾಕ್ ಆದ ಮೇಲೆ ಮೈನಸ್ ಎಲ್ಲಿ ಹೋಯಿತು?

ಐಬಿಎಂ ಮೇನ್‌ಫ್ರೇಮ್ ಅಸೆಂಬ್ಲರ್‌ನಲ್ಲಿ ನಾಲ್ಕು ಅಕ್ಷರದ "-123" ಫೀಲ್ಡನ್ನು ಪ್ಯಾಕ್ ಮಾಡಿ (ಅಂದರೆ ಅಂಕಿಗಳನ್ನು ಬೈಟಿಗೆ ಎರಡರಂತೆ ಒತ್ತಿಟ್ಟು) ಎಪಿ (ಪ್ಯಾಕ್ ಆದ ಸಂಖ್ಯೆಗಳನ್ನು ಕೂಡಿಸುವ ಸೂಚನೆ) ಇಂದ ಕೂಡಿಸಿದರೆ ಮೊತ್ತ ತಪ್ಪು ಬರುತ್ತದೆ, "-45" ಬಂದ ರೆಕಾರ್ಡಿನಲ್ಲಿ ಎಸ್0ಸಿ7 (ಕೆಟ್ಟ ಡೇಟಾ ಕಂಡು ಪ್ರೋಗ್ರಾಂ ನಿಲ್ಲುವ ದೋಷ) ಬೀಳುತ್ತದೆ ಅಂತ ಕೇಳಿದ್ದೀರಿ. ಎರಡಕ್ಕೂ ಮೂಲ ಒಂದೇ: ಪ್ಯಾಕ್ ಯಾವುದನ್ನೂ ಪರೀಕ್ಷೆ ಮಾಡುವುದಿಲ್ಲ.

ಅದು ಕೊನೆಯ ಬೈಟಿನ ಎರಡು ಅರ್ಧಗಳನ್ನು ಅದಲುಬದಲು ಮಾಡುತ್ತದೆ, ಉಳಿದ ಬೈಟುಗಳ ಬಲ ಅರ್ಧವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಮೇನ್‌ಫ್ರೇಮಿನ ಅಕ್ಷರ ಸಂಕೇತ ಇಬಿಸಿಡಿಐಸಿಯಲ್ಲಿ "-123" ಅಂದರೆ ಹೆಕ್ಸ್ 60 ಎಫ್1 ಎಫ್2 ಎಫ್3. ಮೂರು ಬೈಟಿಗೆ ಪ್ಯಾಕ್ ಮಾಡಿದರೆ 00 12 3ಎಫ್. ಮೈನಸ್ಸಿನ 60 ಬರೀ ಸೊನ್ನೆಯಾಯಿತು. ಕೊನೆಯ ಅರ್ಧ ಚಿಹ್ನೆಯ ಜಾಗ, ಅಲ್ಲಿ ಎಫ್ ಅಂದರೆ ಪ್ಲಸ್. ದೋಷ ಸದ್ದಿಲ್ಲದೆ ದಾಟಿಹೋಗುತ್ತದೆ, ಹಾಗಾಗಿ ಇದೇ ಹೆಚ್ಚು ಅಪಾಯಕಾರಿ.

"-45" ಆದಮೇಲೆ ಒಂದು ಸ್ಪೇಸ್ ಇದ್ದರೆ ಕೊನೆಯ 40 ತಿರುಗಿ 04 ಆಗುತ್ತದೆ: 00 45 04. ಚಿಹ್ನೆಯ ಜಾಗದಲ್ಲಿ 4 ಕೂತಿದೆ. ಅಲ್ಲಿ ಎ, ಸಿ, ಇ, ಎಫ್ ಪ್ಲಸ್. ಬಿ, ಡಿ ಮೈನಸ್. 0ರಿಂದ 9 ನಿಷಿದ್ಧ. ಎಪಿ ಅಲ್ಲೇ ಬೀಳುತ್ತದೆ. ಅಂಕಿಗಳಿಗಿಂತ ಮೊದಲು ಬರುವ ಸ್ಪೇಸ್ ಮಾತ್ರ ಸೊನ್ನೆಯಾಗಿ ಪಾರಾಗುತ್ತದೆ.

ಮೊದಲು ಅಂಕಿಗಳ ನಂತರ ಉಳಿದ ಸ್ಪೇಸ್ ತೆಗೆದು ಅಂಕಿಗಳನ್ನು ಬಲಕ್ಕೆ ಸರಿಸಿ. ಮೈನಸ್ ಇದೆಯೇ ಅಂತ ಒಂದು ಬೈಟನ್ನು ಹೋಲಿಸುವ ಸಿಎಲ್‌ಐ ಇಂದ ನೋಡಿಟ್ಟುಕೊಂಡು ಪ್ಯಾಕ್ ಮಾಡಿ. ಇದ್ದರೆ ಎಂವಿಎನ್ ಇಂದ ಕೊನೆಯ ಬೈಟಿನ ಬಲ ಅರ್ಧಕ್ಕೆ ಡಿ ಹಾಕಿ. ಆಮೇಲೆ ಪ್ಯಾಕ್ ಆದ ಡೇಟಾ ಪರೀಕ್ಷಿಸುವ ಟಿಪಿ ಓಡಿಸಿ: ಫಲಿತಾಂಶ ತಿಳಿಸುವ ಕಂಡಿಷನ್ ಕೋಡ್ 0 ಬಂದರೆ ಸರಿ, 1 ಬಂದರೆ ಚಿಹ್ನೆ ತಪ್ಪು, 2 ಬಂದರೆ ಅಂಕಿ ತಪ್ಪು, 3 ಬಂದರೆ ಎರಡೂ. ಟಿಪಿ ಕೆಟ್ಟ ಡೇಟಾ ಕಂಡು ಅಬೆಂಡ್ ಆಗುವುದಿಲ್ಲ (ಪ್ರೋಗ್ರಾಂ ಅರ್ಧಕ್ಕೇ ನಿಲ್ಲುವುದಿಲ್ಲ).

ಹೋಲಿಕೆಗೆ ಬೈಟುಗಳನ್ನು ಇದ್ದ ಹಾಗೇ ನೋಡುವ ಸಿಎಲ್‌ಸಿ ಬೇಡ, ಸಂಖ್ಯೆಯ ಬೆಲೆ ನೋಡುವ ಸಿಪಿ ಬಳಸಿ. 3ಸಿ, 3ಎಫ್ ಎರಡೂ ಪ್ಲಸ್ 3. ಸಿಎಲ್‌ಸಿಗೆ ಮಾತ್ರ ಅವು ಬೇರೆ ಬೇರೆ.