ನೆಬ್ರಾಸ್ಕದಲ್ಲಿ ಮುಂದಿನ ಹೆಡ್ ಕೋಚ್ ಯಾರಾಗಬೇಕೆಂಬ ಜಗಳ

ಅಮೆರಿಕದ ಒಂದು ಕಾಲೇಜು ಫುಟ್‌ಬಾಲ್ ತಂಡಕ್ಕೆ ಮುಂದಿನ ಹೆಡ್ ಕೋಚ್ ಯಾರಾಗಬೇಕೆಂದು ಅಲ್ಲಿನ ಜನ ತಿಂಗಳುಗಟ್ಟಲೆ ವಾದಿಸುವುದೇಕೆ, ಆ ವಾದದಿಂದ ಏನಾದರೂ ಆಗುತ್ತದೆಯೇ ಎಂದು ನೀವು ಕೇಳಿದ್ದೀರಿ. ಅಲ್ಲಿ ಓದಲು ಹೋದ ನಿಮ್ಮ ತಮ್ಮನ ಕೊಠಡಿಯ ಗೆಳೆಯರು ಇದೇ ವಿಷಯಕ್ಕೆ ಮಾತು ಬಿಟ್ಟಿದ್ದಾರೆಂದೂ ಬರೆದಿದ್ದೀರಿ. ನನಗೆ ಅದರಲ್ಲಿ ಯಾವ ಆಶ್ಚರ್ಯವೂ ಕಾಣಲಿಲ್ಲ. 2014ರ ಆಗಸ್ಟ್‌ನಲ್ಲಿ ಬೆಳೆ ವಿಜ್ಞಾನದ ಸಂಶೋಧನೆಗೆಂದು ದಾವಣಗೆರೆಯಿಂದ ನೆಬ್ರಾಸ್ಕ ರಾಜ್ಯದ ಲಿಂಕನ್ ನಗರಕ್ಕೆ ಹೋದ ನಾನು ಅಲ್ಲಿ ಒಂಬತ್ತು ವರ್ಷ ಇದ್ದೆ. ಆ ಅವಧಿಯಲ್ಲಿ ಹೊಸ ಕೋಚ್‌ಗಾಗಿ ನಡೆದ ಹುಡುಕಾಟಗಳನ್ನು ಮೂರು ಸಲ ಹತ್ತಿರದಿಂದ ಕಂಡೆ. ಆದ್ದರಿಂದ ನನಗೆ ಗೊತ್ತಿರುವ ಈ ಒಂದು ತಂಡದ ಮೂಲಕವೇ ಉತ್ತರಿಸುತ್ತೇನೆ.

ಇಲ್ಲಿ ಫುಟ್‌ಬಾಲ್ ಎಂದರೆ ಶಿರಸ್ತ್ರಾಣ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ. ನೆಬ್ರಾಸ್ಕ ವಿಶ್ವವಿದ್ಯಾಲಯದ ತಂಡದ ಹೆಸರು ಕಾರ್ನ್‌ಹಸ್ಕರ್ಸ್, ಎಂದರೆ ಮೆಕ್ಕೆಜೋಳದ ತೆನೆಯ ಸಿಪ್ಪೆ ಸುಲಿಯುವವರು. ನಮ್ಮ ಜಿಲ್ಲೆಯಿಂದ ಹೋದವನಿಗೆ ಆಟದ ನಿಯಮ ಅರ್ಥವಾಗುವ ಮೊದಲೇ ಹೆಸರು ಅರ್ಥವಾಗಿತ್ತು. ಇಡೀ ರಾಜ್ಯದ ಜನಸಂಖ್ಯೆ ಇಪ್ಪತ್ತು ಲಕ್ಷದ ಆಸುಪಾಸಿನಲ್ಲಿದೆ. ವೃತ್ತಿಪರ ಫುಟ್‌ಬಾಲ್ ಲೀಗಾದ ಎನ್‌ಎಫ್‌ಎಲ್‌ನ ತಂಡ ಅಲ್ಲಿ ಒಂದೂ ಇಲ್ಲ. 1923ರಲ್ಲಿ ಕಟ್ಟಿದ ಮೆಮೋರಿಯಲ್ ಸ್ಟೇಡಿಯಂನಲ್ಲಿ 1962ರ ನವೆಂಬರ್‌ನಿಂದ ಇಂದಿನವರೆಗೆ ಯಾವ ಪಂದ್ಯದ ಟಿಕೆಟ್ಟೂ ಮಾರಾಟವಾಗದೆ ಉಳಿದಿಲ್ಲ. ಪಂದ್ಯದ ಶನಿವಾರ ಸುಮಾರು ಎಂಬತ್ತೈದು ಸಾವಿರ ಜನ ಅಲ್ಲಿ ಸೇರಿದಾಗ, ಒಮಾಹಾ ಮತ್ತು ಲಿಂಕನ್ ಬಿಟ್ಟರೆ ರಾಜ್ಯದ ಮೂರನೆಯ ದೊಡ್ಡ ಊರು ಆ ಕ್ರೀಡಾಂಗಣವೇ ಆಗಿರುತ್ತದೆ. ಅಲ್ಲಿ ಹೆಡ್ ಕೋಚ್ ಹುದ್ದೆಯಲ್ಲಿ ಇರುವವರು ರಾಜ್ಯಪಾಲರಿಗಿಂತ ಎಷ್ಟೋ ಪಟ್ಟು ಹೆಚ್ಚು ಸಂಬಳ ಪಡೆಯುತ್ತಾರೆ. ಅವರಷ್ಟೇ, ಒಮ್ಮೊಮ್ಮೆ ಅವರಿಗಿಂತ ಹೆಚ್ಚು, ಬೈಗುಳವನ್ನೂ ತಿನ್ನುತ್ತಾರೆ.

ಈ ಜಗಳದ ಬೇರು ಟಾಮ್ ಆಸ್ಬೋರ್ನ್ ಅವರ ಕಾಲದಲ್ಲಿದೆ. ಅವರಿಗೂ ಮೊದಲು ಬಾಬ್ ಡೆವೇನಿ 1970 ಮತ್ತು 1971ರಲ್ಲಿ ರಾಷ್ಟ್ರೀಯ ಚಾಂಪಿಯನ್ ಪಟ್ಟ ತಂದಿದ್ದರು. ಆಸ್ಬೋರ್ನ್ 1973ರಿಂದ 1997ರವರೆಗೆ ಇಪ್ಪತ್ತೈದು ವರ್ಷ ಕೋಚ್ ಆಗಿದ್ದು, 255 ಪಂದ್ಯ ಗೆದ್ದು, 49ನ್ನು ಸೋತು, 3ನ್ನು ಸಮ ಮಾಡಿಕೊಂಡರು; ಒಂದೇ ಒಂದು ವರ್ಷವೂ ಒಂಬತ್ತಕ್ಕಿಂತ ಕಡಿಮೆ ಪಂದ್ಯ ಗೆಲ್ಲಲಿಲ್ಲ; 1994, 1995 ಮತ್ತು 1997ರಲ್ಲಿ ಪಟ್ಟ ಗೆದ್ದರು. ನಿವೃತ್ತರಾದ ಮೇಲೆ ಜನ ಅವರನ್ನು ಅಮೆರಿಕದ ಸಂಸತ್ತಿಗೂ ಆರಿಸಿ ಕಳಿಸಿದರು. ಇಂಥವರು ಬಿಟ್ಟುಹೋದ ಕುರ್ಚಿಯಲ್ಲಿ ಯಾರನ್ನು ಕೂರಿಸಬೇಕೆಂದು ವಾದಿಸುವಾಗ ಅಭಿಮಾನಿಗಳು ಕಣ್ಣೆದುರಿನ ಅಭ್ಯರ್ಥಿಯನ್ನು ಇನ್ನೊಬ್ಬ ಅಭ್ಯರ್ಥಿಯೊಂದಿಗೆ ಹೋಲಿಸುವುದಿಲ್ಲ, ತಮ್ಮ ನೆನಪಿನ ಆಸ್ಬೋರ್ನ್ ಅವರೊಂದಿಗೆ ಹೋಲಿಸುತ್ತಾರೆ. ನೆನಪಿನಲ್ಲಿರುವ ಮನುಷ್ಯ ಸೋಲುವುದಿಲ್ಲವಲ್ಲ.

ಆಸ್ಬೋರ್ನ್ ಅವರ ಜಾಗಕ್ಕೆ ಬಂದವರು ಅವರ ಸಹಾಯಕರಾಗಿದ್ದ, ಡೆವೇನಿಯವರ ಕಾಲದಲ್ಲಿ ಅದೇ ತಂಡಕ್ಕೆ ಆಡಿದ್ದ ಫ್ರಾಂಕ್ ಸೋಲಿಚ್. ಆರು ವರ್ಷಗಳಲ್ಲಿ ಅವರು 58 ಗೆದ್ದು 19 ಸೋತರು. 2003ರಲ್ಲಿ ಒಂಬತ್ತು ಗೆದ್ದು ಮೂರು ಸೋತಿದ್ದಾಗಲೇ ಅವರನ್ನು ತೆಗೆದುಹಾಕಲಾಯಿತು. ನಾನು ಅಲ್ಲಿಗೆ ಹೋದದ್ದು ಅದಾದ ಹನ್ನೊಂದು ವರ್ಷಕ್ಕೆ. ಆದರೂ ಪ್ರಯೋಗಾಲಯದ ಊಟದ ಮೇಜಿನಲ್ಲಿ ಆ ವಿಷಯ ಎತ್ತಿದರೆ ಐವತ್ತು ದಾಟಿದವರ ಮುಖ ಕೆಂಪಾಗುತ್ತಿತ್ತು. ಒಂದು ಪಕ್ಷದವರು ಒಂಬತ್ತು ಗೆಲುವನ್ನು ಕಾಲಲ್ಲಿ ಒದ್ದ ಶಾಪವೇ ಮುಂದಿನದಕ್ಕೆಲ್ಲ ಕಾರಣವೆನ್ನುತ್ತಿದ್ದರು. ಇನ್ನೊಂದು ಪಕ್ಷದವರು, ಅಂಥ ಒಂಬತ್ತಕ್ಕೆ ತೃಪ್ತರಾಗಿದ್ದರೆ ತಂಡ ಇನ್ನೂ ಬೇಗ ಮುಳುಗುತ್ತಿತ್ತು ಎನ್ನುತ್ತಿದ್ದರು. ಯಾರು ಕೋಚ್ ಆಗಬೇಕೆಂಬ ಎಲ್ಲ ವಾದಗಳ ಒಳಗೂ ಅಡಗಿರುವ ಪ್ರಶ್ನೆ ಇದೇ ಎಂದು ನನಗೆ ಅಂದೇ ಅನ್ನಿಸಿತು: ಎಷ್ಟು ಗೆದ್ದರೆ ಸಾಕು? ಇದಕ್ಕೆ ಒಮ್ಮತವಿಲ್ಲದ ಜನ ಹೆಸರಿನ ವಿಷಯದಲ್ಲಿ ಒಮ್ಮತಕ್ಕೆ ಬರುವುದು ಹೇಗೆ?

ಸೋಲಿಚ್ ನಂತರ, ಅದಕ್ಕೆ ಹಿಂದಿನ ವರ್ಷವಷ್ಟೇ ಓಕ್ಲಂಡ್ ರೈಡರ್ಸ್ ತಂಡವನ್ನು ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ವರೆಗೆ ಕರೆದೊಯ್ದಿದ್ದ ಬಿಲ್ ಕ್ಯಾಲಹನ್ ಬಂದರು. ಹೊರಗಿನವರು, ದೊಡ್ಡ ಹೆಸರು. ನಾಲ್ಕು ವರ್ಷದಲ್ಲಿ 27 ಗೆಲುವು, 22 ಸೋಲು. 2008ರಲ್ಲಿ ಬಂದ ಬೋ ಪೆಲೀನಿ ಏಳು ವರ್ಷವೂ ತಪ್ಪದೆ ಒಂಬತ್ತು ಅಥವಾ ಹತ್ತು ಗೆದ್ದರು, ಮೊದಲ ಆರು ವರ್ಷವೂ ತಪ್ಪದೆ ನಾಲ್ಕು ಸೋತರು. ಸಿಟ್ಟಿನ ಮನುಷ್ಯ, ಅಭಿಮಾನಿಗಳನ್ನೇ ಹೊಲಸು ಮಾತಿನಲ್ಲಿ ಬೈದಿದ್ದ ಅವರ ಹಳೆಯ ಧ್ವನಿಮುದ್ರಣವೊಂದು 2013ರಲ್ಲಿ ಹೊರಬಿದ್ದಿತ್ತು. ನಾನು ಲಿಂಕನ್‌ಗೆ ಬಂದ ಮೂರೇ ತಿಂಗಳಿಗೆ, 2014ರ ನವೆಂಬರ್ 30ರ ಭಾನುವಾರ, ಐಯೋವಾ ತಂಡವನ್ನು ಗೆದ್ದ ಎರಡನೆಯ ದಿನವೇ ಅವರ ಕೆಲಸ ಹೋಯಿತು. ಗೆದ್ದವರನ್ನು ಏಕೆ ತೆಗೆದರೆಂದು ನಾನು ಮುಗ್ಧವಾಗಿ ಕೇಳಿದ್ದಕ್ಕೆ ಸೋಮವಾರ ಬೆಳಗಿನ ಎರಡು ಗಂಟೆ ಕೆಲಸ ನಿಂತಿತು. ಕೆಲವೇ ದಿನಗಳಲ್ಲಿ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡದಿಂದ ಮೈಕ್ ರೈಲಿ ಬಂದರು. ಹಾಲಿನಂಥ ಸ್ವಭಾವದ, ಯಾರ ಪಟ್ಟಿಯಲ್ಲೂ ಹೆಸರಿಲ್ಲದ ಮನುಷ್ಯ. ಸಿಟ್ಟಿನವರ ನಂತರ ಸೌಮ್ಯರು, ಒಳಗಿನವರ ನಂತರ ಹೊರಗಿನವರು: ಹಿಂದಿನ ಕೋಚ್‌ನಲ್ಲಿ ಯಾವ ಗುಣ ಬೇಸರ ತಂದಿತ್ತೋ ಅದರ ವಿರುದ್ಧ ಗುಣವನ್ನು ಹುಡುಕುವುದು ಅಭಿಮಾನಿಗಳಿಗೂ ಆಡಳಿತಕ್ಕೂ ಸಮಾನವಾಗಿ ಅಂಟಿದ ರೋಗ. ರೈಲಿ ಮೂರು ವರ್ಷದಲ್ಲಿ 19 ಗೆದ್ದು 19 ಸೋತು ಹೊರಟರು.

ಆಮೇಲೆ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮಲ್ಲಿ ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. 2017ರ ಚಳಿಗಾಲದಲ್ಲಿ ನೆಬ್ರಾಸ್ಕದವರ ನಂಬಿಕೆ ಇದಕ್ಕೆ ಪೂರ್ತಿ ತಿರುಗುಮುರುಗಾಗಿತ್ತು. ಹಿತ್ತಲ ಗಿಡದ ಹೊರತು ಬೇರೆ ಮದ್ದೇ ಇಲ್ಲವೆಂದು ಅವರು ತೀರ್ಮಾನಿಸಿದ್ದರು. ಆ ಗಿಡದ ಹೆಸರು ಸ್ಕಾಟ್ ಫ್ರಾಸ್ಟ್. ಹುಟ್ಟಿದ್ದು ಅದೇ ರಾಜ್ಯದಲ್ಲಿ, ಬೆಳೆದದ್ದು ಅಲ್ಲಿನ ವುಡ್ ರಿವರ್ ಎಂಬ ಸಣ್ಣ ಊರಿನಲ್ಲಿ. 1997ರ ಚಾಂಪಿಯನ್ ತಂಡದ ಕ್ವಾರ್ಟರ್‌ಬ್ಯಾಕ್, ಎಂದರೆ ಚೆಂಡು ಎಸೆದು ದಾಳಿ ನಡೆಸುವ ಮುಖ್ಯ ಆಟಗಾರ. ಆ ಋತುವಿನ ಕೊನೆಯ ಪಂದ್ಯ ಗೆದ್ದ ಕೂಡಲೇ, ಪಟ್ಟ ಯಾರಿಗೆಂದು ಮತ ಹಾಕುವ ಕೋಚ್‌ಗಳು ನಿವೃತ್ತರಾಗುತ್ತಿರುವ ಆಸ್ಬೋರ್ನ್ ಅವರಿಗೆ ಪಟ್ಟದಲ್ಲಿ ಪಾಲು ಕೊಡಬೇಕೆಂದು ಎಲ್ಲರೆದುರು ಬೇಡಿಕೊಂಡವರು ಅವರೇ. ಕೋಚ್ ಆಗಿ, 2015ರಲ್ಲಿ ಹನ್ನೆರಡಕ್ಕೆ ಹನ್ನೆರಡೂ ಸೋತಿದ್ದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ತಂಡವನ್ನು ಎರಡೇ ವರ್ಷದಲ್ಲಿ ಒಂದೂ ಸೋಲದ ತಂಡವಾಗಿ ಮಾಡಿದ್ದರು. ಇಷ್ಟೆಲ್ಲ ಒಬ್ಬರಲ್ಲೇ ಕೂಡಿಬಂದಿರುವಾಗ ವಾದಕ್ಕೆ ಅವಕಾಶವೆಲ್ಲಿ? ನನ್ನ ಒಂಬತ್ತು ವರ್ಷಗಳಲ್ಲಿ ಎಲ್ಲ ಅಭಿಮಾನಿಗಳೂ ಒಂದೇ ಹೆಸರು ಹೇಳಿದ್ದು ಆ ಒಂದು ಸಲ. ಏಳು ವರ್ಷಕ್ಕೆ ಮೂರೂವರೆ ಕೋಟಿ ಡಾಲರ್ ಒಪ್ಪಂದವಾಯಿತು. ಮುಂದಿನ ಏಪ್ರಿಲ್‌ನಲ್ಲಿ ತಂಡ ತನ್ನೊಳಗೇ ಎರಡು ಭಾಗವಾಗಿ ಆಡಿದ ಅಭ್ಯಾಸ ಪಂದ್ಯವನ್ನು ನೋಡಲು 86 ಸಾವಿರಕ್ಕೂ ಹೆಚ್ಚು ಜನ ಬಂದರು. ನಾನೂ ಹೋಗಿದ್ದೆ, ಕೆಂಪು ಅಂಗಿ ತೊಟ್ಟು.

ಮೊದಲ ಆರು ಪಂದ್ಯಗಳನ್ನೂ ಸೋತದ್ದು ಆ ವರ್ಷವೇ. ಐದು ಋತುಗಳಲ್ಲಿ 16 ಗೆಲುವು, 31 ಸೋಲು. 2021ರಲ್ಲಂತೂ ಸೋತ ಒಂಬತ್ತು ಪಂದ್ಯಗಳಲ್ಲಿ ಒಂದನ್ನೂ ಎರಡಂಕಿಯ ಅಂತರದಲ್ಲಿ ಸೋಲಲಿಲ್ಲ. ಪ್ರತಿಸಲವೂ ಇನ್ನೇನು ಗೆದ್ದೆವು ಎನ್ನುವಷ್ಟರಲ್ಲಿ ಏನೋ ಒಂದು ಎಡವಟ್ಟು. ದೊಡ್ಡ ಸೋಲನ್ನು ಜನ ಒಪ್ಪಿಕೊಂಡುಬಿಡುತ್ತಾರೆ, ಇಂಥ ಸೋಲು ನಿದ್ದೆಗೆಡಿಸುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾ ಸದರ್ನ್ ಎಂಬ ಚಿಕ್ಕ ತಂಡ ಲಿಂಕನ್‌ಗೇ ಬಂದು 45-42ರಿಂದ ಸೋಲಿಸಿತು; ಮರುದಿನವೇ ಫ್ರಾಸ್ಟ್ ಅವರನ್ನು ತೆಗೆಯಲಾಯಿತು. ಇನ್ನು ಮೂರು ವಾರ ತಡೆದು ಅಕ್ಟೋಬರ್ ಒಂದನೇ ತಾರೀಖಿನವರೆಗೆ ಕಾದಿದ್ದರೆ ಅವರಿಗೆ ಕೊಡಬೇಕಾದ ಪರಿಹಾರ ಒಂದೂವರೆ ಕೋಟಿ ಡಾಲರ್‌ನಿಂದ ಅರ್ಧಕ್ಕೆ ಇಳಿಯುತ್ತಿತ್ತು. ವಿಶ್ವವಿದ್ಯಾಲಯ ಕಾಯಲಿಲ್ಲ. ಒಂದೊಂದು ಸಾವಿರ ಡಾಲರ್‌ಗೂ ಅರ್ಜಿ ಬರೆದು ಮಣ್ಣು ಪರೀಕ್ಷೆ ಮಾಡಿಸುತ್ತಿದ್ದ ನಮ್ಮ ವಿಭಾಗದಲ್ಲಿ ಆ ವಾರ ಬಂದ ಹಾಸ್ಯಗಳನ್ನು ಇಲ್ಲಿ ಬರೆಯಲಾರೆ.

ಆಗ ಶುರುವಾದ ವಾದ ಎರಡೂವರೆ ತಿಂಗಳು ನಡೆಯಿತು. ಹಂಗಾಮಿ ಕೋಚ್ ಮಿಕಿ ಜೋಸೆಫ್ ಕೂಡ ಹಿಂದೆ ಅದೇ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. ಅವರನ್ನೇ ಮುಂದುವರಿಸಬೇಕೆಂಬ ಒಂದು ಪಕ್ಷ, ಇನ್ನು ಮನೆಮಕ್ಕಳ ಸಹವಾಸ ಸಾಕೆಂಬ ಇನ್ನೊಂದು ಪಕ್ಷ. ನನ್ನ ಕೂದಲು ಕತ್ತರಿಸುತ್ತಿದ್ದ ಹಿರಿಯರು ಮೊದಲ ಪಕ್ಷದವರಾಗಿದ್ದರಿಂದ ಅವರ ಕೈಯಲ್ಲಿ ಕತ್ತಿ ಇರುವಷ್ಟು ಹೊತ್ತು ನಾನೂ ಅದೇ ಪಕ್ಷದಲ್ಲಿದ್ದೆ. ನವೆಂಬರ್ 25ರಂದು ಜೋಸೆಫ್ ಅವರ ತಂಡ ಐಯೋವಾವನ್ನು ಅದರ ನೆಲದಲ್ಲೇ ಗೆದ್ದಾಗ ಆ ಪಕ್ಷಕ್ಕೆ ಜೀವ ಬಂತು. ಮರುದಿನ ಬೆಳಗ್ಗೆಯೇ ಹೊರಗಿನವರಾದ ಮ್ಯಾಟ್ ರೂಲ್ ಅವರ ನೇಮಕ ಪ್ರಕಟವಾಯಿತು. ಪಂದ್ಯ ನಡೆಯುವ ಮೊದಲೇ ಮಾತುಕತೆ ಮುಗಿದಿರದೆ ಎಂಟು ವರ್ಷದ, 7.4 ಕೋಟಿ ಡಾಲರ್‌ನ ಒಪ್ಪಂದ ರಾತ್ರೋರಾತ್ರಿ ಸಿದ್ಧವಾಗುವುದುಂಟೇ?

ನಿಮ್ಮ ಎರಡನೆಯ ಪ್ರಶ್ನೆಗೆ ಇದು ಅರ್ಧ ಉತ್ತರ. ಆಯ್ಕೆ ಮಾಡುವವರು ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರು. ಅವರ ಹಿಂದೆ ಕುಲಪತಿಗಳು, ದೊಡ್ಡ ಮೊತ್ತದ ದಾನಿಗಳು, ಎದುರಿಗೆ ಕೋಚ್‌ಗಳ ಏಜೆಂಟರು. ತಮ್ಮ ಕಕ್ಷಿದಾರರ ಹೆಸರು ಬೇರೆ ತಂಡದ ಹುದ್ದೆಗೆ ಕೇಳಿಬಂದರೆ ಈಗಿರುವ ತಂಡದಲ್ಲೇ ಸಂಬಳ ಏರುತ್ತದೆಂಬುದು ಏಜೆಂಟರಿಗೆ ಗೊತ್ತು. ಹಾಗಾಗಿ ಅಭಿಮಾನಿಗಳು ರಾತ್ರಿಯೆಲ್ಲ ಚರ್ಚಿಸುವ ಹೆಸರುಗಳಲ್ಲಿ ಎಷ್ಟೋ ಹೆಸರು ಚರ್ಚೆಯಾಗಲೆಂದೇ ಹರಿಬಿಟ್ಟವು. ಖಾಸಗಿ ವಿಮಾನಗಳ ನೋಂದಣಿ ಸಂಖ್ಯೆ ಹಿಡಿದು, ಯಾವ ದಾನಿಯ ವಿಮಾನ ಯಾವ ಊರಿನಲ್ಲಿ ಇಳಿಯಿತೆಂದು ಲೆಕ್ಕ ಇಡುವವರನ್ನೂ ನಾನು ಕಂಡಿದ್ದೇನೆ.

ಇನ್ನರ್ಧ ಉತ್ತರ ಟೆನೆಸ್ಸೀ ರಾಜ್ಯದಲ್ಲಿದೆ. 2017ರ ನವೆಂಬರ್ 26ರಂದು ಅಲ್ಲಿನ ವಿಶ್ವವಿದ್ಯಾಲಯ ಗ್ರೆಗ್ ಷಿಯಾನೋ ಅವರನ್ನು ಕೋಚ್ ಮಾಡಲು ಹೊರಟ ಸುದ್ದಿ ಹೊರಬಿದ್ದ ಕೆಲವೇ ಗಂಟೆಗಳಲ್ಲಿ ಅಭಿಮಾನಿಗಳು ಬೀದಿಗಿಳಿದರು, ಶಾಸಕರೂ ದನಿಗೂಡಿಸಿದರು, ಸಂಜೆಯ ಹೊತ್ತಿಗೆ ಆ ಒಪ್ಪಂದ ಮುರಿದುಬಿತ್ತು. ಐದೇ ದಿನಕ್ಕೆ ಕ್ರೀಡಾ ನಿರ್ದೇಶಕರೂ ಹುದ್ದೆ ಕಳೆದುಕೊಂಡರು. ಬೇರೊಂದು ವಿಶ್ವವಿದ್ಯಾಲಯದ ಹಳೆಯ ಹಗರಣದೊಂದಿಗೆ ಷಿಯಾನೋ ಅವರ ಹೆಸರನ್ನು ಜೋಡಿಸಿದ್ದ, ಅವರು ನಿರಾಕರಿಸಿದ್ದ ಆರೋಪವೊಂದನ್ನು ಪ್ರತಿಭಟನೆಗೆ ಕಾರಣವಾಗಿ ಕೊಡಲಾಯಿತು. ಆದರೆ ಗೆಲುವಿನ ದಾಖಲೆ ಇನ್ನಷ್ಟು ಹೊಳೆಯುತ್ತಿದ್ದರೆ ಅಷ್ಟು ಜನ ಬೀದಿಗೆ ಬರುತ್ತಿದ್ದರೇ ಎಂಬ ಅನುಮಾನ ನನಗೆ ಇಂದಿಗೂ ಇದೆ. ಅವರ ಬದಲು ಬಂದ ಜೆರಮಿ ಪ್ರೂಯಿಟ್ ಆಟಗಾರರ ಸೇರ್ಪಡೆಯ ನಿಯಮ ಮುರಿದ ಪ್ರಕರಣದಲ್ಲಿ 2021ರ ಜನವರಿಯಲ್ಲಿ ವಜಾ ಆದರು. ಆಮೇಲೆ, ಅಂಥ ಗದ್ದಲವೇನೂ ಇಲ್ಲದೆ ಬಂದ ಜಾಷ್ ಹ್ಯೂಪೆಲ್ 2022ರಲ್ಲಿ ಅಲಬಾಮಾವನ್ನು 52-49ರಿಂದ ಸೋಲಿಸಿದಾಗ ಅದೇ ಅಭಿಮಾನಿಗಳು ಗೋಲುಕಂಬವನ್ನು ಕಿತ್ತು ನದಿಗೆ ಹಾಕಿ ಕುಣಿದರು. ಬೇಡವೆಂದು ತಡೆಯುವ ಬಲ ಅಭಿಮಾನಿಗಳಿಗೆ ನಿಜವಾಗಿಯೂ ಇದೆ. ಸರಿಯಾದವರನ್ನು ತರುವ ಬಲ ಇದೆಯೆಂಬುದಕ್ಕೆ ಮಾತ್ರ ನನಗೆ ಸಾಕ್ಷಿ ಸಿಕ್ಕಿಲ್ಲ; ಫ್ರಾಸ್ಟ್ ಅವರ ವಿಷಯದಲ್ಲಿ ಎಲ್ಲರೂ ಒಪ್ಪಿದ್ದರೆಂಬುದನ್ನು ಮರೆಯಬೇಡಿ.

ನಿಮ್ಮ ತಮ್ಮನಿಗೆ ಈ ವಾದಗಳಲ್ಲಿ ಪಾಲ್ಗೊಳ್ಳುವ ಆಸೆಯಿದ್ದರೆ, ಅಭ್ಯರ್ಥಿಯ ಊರು ಯಾವುದು, ಪತ್ರಿಕಾಗೋಷ್ಠಿಯಲ್ಲಿ ಎಷ್ಟು ಚೆನ್ನಾಗಿ ಮಾತನಾಡುತ್ತಾರೆ ಎಂಬುದನ್ನು ಬಿಟ್ಟು, ಕೆಟ್ಟ ಸ್ಥಿತಿಯ ತಂಡವನ್ನು ಒಂದಕ್ಕಿಂತ ಹೆಚ್ಚು ಕಡೆ ಎತ್ತಿ ನಿಲ್ಲಿಸಿದ್ದಾರೆಯೇ ಎಂದು ಕೇಳಲಿ. ರೂಲ್ ಅವರನ್ನು ನಾನು ಒಪ್ಪಿದ್ದು ಈ ಕಾರಣಕ್ಕೆ: ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ ಎರಡೇ ಪಂದ್ಯ ಗೆದ್ದವರು ಮೂರನೆಯ ವರ್ಷ ಹತ್ತು ಗೆದ್ದರು, ಬೇಲರ್ ವಿಶ್ವವಿದ್ಯಾಲಯದಲ್ಲಿ 2017ರಲ್ಲಿ ಒಂದೇ ಗೆದ್ದವರು 2019ರಲ್ಲಿ ಹನ್ನೊಂದು ಗೆದ್ದರು. ಹೆಡ್ ಕೋಚ್ ಆಗಿ ಫ್ರಾಸ್ಟ್ ಅವರ ಹಿಂದೆ ಇದ್ದದ್ದು ಒಂದೇ ಊರಿನ ಎರಡು ವರ್ಷದ ಅನುಭವ. ಜೊತೆಗೆ, 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ಹಣ ಗಳಿಸಬಹುದು, ಒಂದು ತಂಡದಿಂದ ಇನ್ನೊಂದಕ್ಕೆ ಹಾರುವುದೂ ಸುಲಭವಾಗಿದೆ. ಪ್ರತಿ ಚಳಿಗಾಲದಲ್ಲೂ ಅರ್ಧ ತಂಡವನ್ನು ಹೊಸದಾಗಿ ಕಟ್ಟಬೇಕಾದ ಈ ಕಾಲದಲ್ಲಿ ಆಸ್ಬೋರ್ನ್ ಅವರಂತೆ ಒಬ್ಬ ಹುಡುಗನನ್ನು ನಾಲ್ಕೈದು ವರ್ಷ ಪಳಗಿಸುವ ಜಾಣ್ಮೆಯೊಂದೇ ಸಾಲದು. ರೂಲ್ ಅವರೂ ಪವಾಡ ಮಾಡಲಿಲ್ಲ: 2023ರಲ್ಲಿ ಐದು ಗೆಲುವು, 2024ರಲ್ಲಿ ಏಳು, 2016ರ ನಂತರ ಮೊದಲ ಬಾರಿಗೆ ಒಂದು ಬೌಲ್ ಪಂದ್ಯ, ಎಂದರೆ ಋತುವಿನ ಕೊನೆಗೆ ಆಯ್ದ ತಂಡಗಳಿಗಷ್ಟೇ ಸಿಗುವ ಪಂದ್ಯ.

ನಾನು ಊರಿಗೆ ಮರಳಿ ಎರಡು ವರ್ಷವಾದ ಮೇಲೆ, 2025ರ ಅಕ್ಟೋಬರ್‌ನಲ್ಲಿ, ಪೆನ್ ಸ್ಟೇಟ್ ವಿಶ್ವವಿದ್ಯಾಲಯ ತನ್ನ ಕೋಚ್ ಜೇಮ್ಸ್ ಫ್ರಾಂಕ್ಲಿನ್ ಅವರನ್ನು ತೆಗೆಯಿತು. ರೂಲ್ ಅಲ್ಲೇ ಓದಿ ಅಲ್ಲೇ ಆಡಿದವರು. ಈಗ ಅವರು ಇನ್ನೊಬ್ಬರ ಹಿತ್ತಲ ಗಿಡ. ಬೆಳಗಿನ ಜಾವ ಹಳೆಯ ಪ್ರಯೋಗಾಲಯದ ಗೆಳೆಯನ ಕರೆ ಬಂತು: ಇವರೂ ಹೋದರೆ ಮುಂದೆ ಯಾರು? ತಿಂಗಳ ಕೊನೆಯಲ್ಲಿ ರೂಲ್ 2032ರವರೆಗೆ ಲಿಂಕನ್‌ನಲ್ಲೇ ಉಳಿಯುವ ಒಪ್ಪಂದಕ್ಕೆ ಸಹಿ ಹಾಕಿದರು. ಆದರೆ ಆ ದಿನ ನಾನು ಕಣ್ಣುಜ್ಜಿಕೊಂಡು ಉತ್ತರ ಯೋಚಿಸುವಷ್ಟರಲ್ಲೇ ಗೆಳೆಯ ಮೂರು ಹೆಸರಿನ ಪಟ್ಟಿ ಕಳಿಸಿಯಾಗಿತ್ತು. ಮೊದಲನೆಯ ಹೆಸರು ತೊಂಬತ್ತರ ದಶಕದಲ್ಲಿ ನೆಬ್ರಾಸ್ಕಕ್ಕೇ ಆಡಿದವರೊಬ್ಬರದು.