ಪಂಪು ಕೆಟ್ಟರೆ ಯಾರನ್ನು ಕರೀಬೇಕು?

ಪತ್ರ: ನಾವು ಹ್ಯೂಸ್ಟನ್‌ನಲ್ಲಿರುವ ಕನ್ನಡಿಗರು. ಮಗ ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾನೆ. ಬೇಸಿಗೆ ರಜೆಯಲ್ಲಿ ಒಂದು ಕ್ರೈಸ್ತ ಸಂಸ್ಥೆಯ ಕುಡಿಯುವ ನೀರಿನ ಕೆಲಸಕ್ಕೆ ಇಂಟರ್ನ್ ಆಗಿ ಎಂಟು ವಾರ ಉಗಾಂಡಾಕ್ಕೆ ಹೋಗುತ್ತಾನಂತೆ. ಖರ್ಚೂ ನಮ್ಮದೇ. ಅಲ್ಲಿಂದ ಬೆಂಗಳೂರಿಗೆ ಹೋಗಿ ಅಜ್ಜಿಯನ್ನು ನೋಡಿ ಬರುತ್ತಾನೆ. ನಮ್ಮದು ಪೂಜೆ ಪುನಸ್ಕಾರದ ಮನೆ. ಕಳಿಸಬಹುದೇ? – ಒಬ್ಬ ತಾಯಿ

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ನಿಮಗೆ ಉಗಾಂಡಾದ ಭಯ ಕಡಿಮೆ, ‘ಕ್ರೈಸ್ತ’ ಅನ್ನುವ ಮಾತಿನ ಅಳುಕೇ ಜಾಸ್ತಿ, ಅಲ್ವಾ?

ದೇವರ ಹೆಸರಲ್ಲಿ ನೀರು ಕೊಡುವುದು ನಮಗೇನು ಹೊಸದೇ? ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟರೆ ಪುಣ್ಯ ಎಂದು ಕೇಳಿಕೊಂಡೇ ಬೆಳೆದವರು ನಾವು. ಪುಟ್ಟಪರ್ತಿಯ ಸತ್ಯಸಾಯಿ ಟ್ರಸ್ಟ್ 1990ರ ದಶಕದಲ್ಲಿ ಅನಂತಪುರ ಜಿಲ್ಲೆಯ ನೂರಾರು ಹಳ್ಳಿಗಳಿಗೆ ನೀರು ತಂದಿತು. ಅಮೆರಿಕದ ವಾಟರ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಹುಟ್ಟಿದ್ದೂ ಹೀಗೇ. 1998ರಲ್ಲಿ ಮಿಚ್ ಚಂಡಮಾರುತ ಹೊಂಡುರಾಸ್‌ಗೆ ಬಡಿದಾಗ ಎಂಜಿನಿಯರಿಂಗ್ ಕಂಪನಿ ನಡೆಸುತ್ತಿದ್ದ ದಂಪತಿ ನೀರು ಶುದ್ಧ ಮಾಡುವ ಯಂತ್ರ ಒಯ್ದರು. 2001ರಲ್ಲಿ ಅದೇ ಸಂಸ್ಥೆಯಾಯಿತು. ನಿಮ್ಮೂರ ಪಕ್ಕದ ಲಿವಿಂಗ್ ವಾಟರ್ ಇಂಟರ್‌ನ್ಯಾಷನಲ್ ಅಂತೂ ಏಸುವಿನ ಹೆಸರಲ್ಲೇ ನೀರು ಕೊಡುತ್ತೇವೆ ಎಂದು ಮುಚ್ಚುಮರೆ ಇಲ್ಲದೆ ಹೇಳುತ್ತದೆ. ನನಗದು ತಪ್ಪು ಅನಿಸುವುದಿಲ್ಲ. ಪ್ರಾರ್ಥನೆಗೆ ಬಾರದವರ ಕೊಡವೂ ಅದೇ ಸರದಿಯಲ್ಲಿ ತುಂಬಬೇಕು, ಅಷ್ಟೇ. ಮತಪ್ರಚಾರವನ್ನೂ ತಾನು ಮಾಡಬೇಕೇ ಎಂದು ಮಗ ಸಂಸ್ಥೆಯವರನ್ನು ಮೊದಲೇ ಕೇಳಿಕೊಳ್ಳಲಿ. ನಂಬದ ಮಾತಿಗೆ ಸಹಿ ಹಾಕುವುದು ಬೇಡ.

ನನ್ನ ಚಿಂತೆ ಬೇರೆ. ನಾನು ಚಿಕ್ಕವನಿದ್ದಾಗ ನಮ್ಮೂರ ಬೋರಿಂಗ್ ಇಡೀ ಒಂದು ಬೇಸಿಗೆ ಕೆಟ್ಟು ನಿಂತಿತ್ತು. ಹೋಗಿದ್ದು ಒಂದು ವಾಷರ್! ಅದರ ಬೆಲೆ ಏನೂ ಅಲ್ಲ. ಆದರೆ ಅದು ಕೂತಿರುವುದು ನೆಲದಡಿಯ ಸಿಲಿಂಡರಿನಲ್ಲಿ. ಕಬ್ಬಿಣದ ಪೈಪುಗಳನ್ನು ಒಂದೊಂದಾಗಿ ಮೇಲೆತ್ತಿ ಬಿಚ್ಚಬೇಕು. ಆ ಸಾಮಾನು, ಆ ಕೆಲಸ ಬಲ್ಲ ಆಳು ಊರಲ್ಲಿರಲಿಲ್ಲ. ಅಮ್ಮ ಕೆರೆಯ ಗುಂಡಿಯಿಂದ ನೀರು ಹೊತ್ತರು. ಸಹಾರಾದ ದಕ್ಷಿಣದ ದೇಶಗಳಲ್ಲಿ ಸುಮಾರು ಮೂರಕ್ಕೊಂದು ಕೈಪಂಪು ಹೀಗೇ ಕೆಟ್ಟು ನಿಂತಿದೆ ಎಂದು 2009ರ ಹೊತ್ತಿನ ಅಂದಾಜು ಹೇಳುತ್ತಿತ್ತು. ಉಗಾಂಡಾದ ಕೆಲವು ಕಡೆ ನೆಲದ ನೀರಿಗೇ ಹುಳಿ ಗುಣ. ಸತುವು ಲೇಪಿಸಿದ ಕಬ್ಬಿಣದ (ಜಿಐ) ಪೈಪು ತುಕ್ಕು ಹಿಡಿದು ನೀರು ಕೆಂಪಗೆ ಬರುತ್ತದೆ. ಜನ ಮತ್ತೆ ಹಳೇ ಹೊಂಡದ ದಾರಿ ಹಿಡಿಯುತ್ತಾರೆ.

ಹಾಗಾಗಿ ಸಂಸ್ಥೆಯವರಿಗೆ ಮಗ ಕೇಳಬೇಕಾದದ್ದು ಇದು: ಐದು ವರ್ಷದ ಹಿಂದೆ ಹಾಕಿದ ಪಂಪುಗಳಲ್ಲಿ ಇವತ್ತು ಎಷ್ಟು ನಡೆಯುತ್ತಿವೆ? ಕೆಟ್ಟರೆ ಯಾರು ಬರುತ್ತಾರೆ, ದುಡ್ಡು ಯಾರದು? ಲೆಕ್ಕ ಕೊಟ್ಟರೆ ಹೋಗಲಿ. ಮಕ್ಕಳು ನಗುವ ಫೋಟೋ ಮಾತ್ರ ಕಳಿಸಿದರೆ ಸುಮ್ನೆ ಮನೆಯಲ್ಲಿರಲಿ. ಬಾವಿ ಕೊರೆಯಲು ಅಲ್ಲಿನವರಿಗೆ ಇಪ್ಪತ್ತರ ಹುಡುಗ ಬೇಕಿಲ್ಲ. ಊರಿನ ಪಂಪ್ ಮೆಕ್ಯಾನಿಕ್ ಹಿಂದೆ ಸ್ಪ್ಯಾನರ್ ಹಿಡಿದು ಓಡಾಡಲಿ, ನೀರಿನ ಪರೀಕ್ಷೆ ಕಲಿಯಲಿ. ಬಾಂಗ್ಲಾದೇಶದಲ್ಲಿ ಒಳ್ಳೆಯ ಮನಸ್ಸಿನಿಂದಲೇ ಹಾಕಿದ ಕೊಳವೆಬಾವಿಗಳ ನೀರಲ್ಲಿ ಆರ್ಸೆನಿಕ್ ವಿಷ ಇರುವುದು 1990ರ ದಶಕದವರೆಗೆ ಗೊತ್ತೇ ಆಗಿರಲಿಲ್ಲ.

ಹಳದಿ ಜ್ವರದ ಲಸಿಕೆ ಹೊರಡುವ 10 ದಿನ ಮೊದಲೇ ಆಗಬೇಕು. ಆ ಕಾರ್ಡು ಇಲ್ಲದೆ ಉಗಾಂಡಾದಿಂದ ಬೆಂಗಳೂರಿಗೆ ಬಂದಿಳಿದರೆ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಕೂರಿಸಬಹುದು. ಅಜ್ಜಿ ಕಾಯಬೇಕಾದೀತು.

ಇನ್ನೊಂದು ಮಾತು. ಮಗ ಅಲ್ಲಿ ಬಿಚ್ಚುವ ಪಂಪು ಬಹುಶಃ ‘ಇಂಡಿಯಾ ಮಾರ್ಕ್ 2’ ಜಾತಿಯದೇ ಇರುತ್ತದೆ. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ನಮ್ಮ ದೇಶದಲ್ಲೇ ರೂಪುಗೊಂಡಿದ್ದು ಅದು. ಅದಕ್ಕೆ ಮಾದರಿಯಾದದ್ದು ನಮ್ಮ ಗಡಿಯಾಚೆಯ ಸೊಲ್ಲಾಪುರದ ಪಂಪು. ಅದಕ್ಕೂ ಮೊದಲು ಮಹಾರಾಷ್ಟ್ರದ ಜಾಲ್ನಾದಲ್ಲಿ ಬರದ ಊರುಗಳಿಗೆ ಬಾವಿ ಕೊರೆಸಿ ಪಂಪು ಹಾಕುತ್ತಿದ್ದವರು ಒಂದು ಚರ್ಚಿನ ಮಿಷನ್‌ನವರು! ಮಗ ಆ ಪಂಪಿನ ಫೋಟೋ ತೆಗೆದು ಕಳಿಸಲಿ, ಅಚ್ಚು ಹಾಕುತ್ತೇವೆ.

– ಸಂ.